ಮೂರನೆಯ ಹೆಗಲು

ಕಾರಿಗೆ ಬಾಗಿಲು ಕೂರಿಸುವುದು ಮೂವರ ಕೆಲಸ. ಒಬ್ಬ ಹೊರುವವನು, ಒಬ್ಬ ಕೂರಿಸುವವನು, ಒಬ್ಬ ಬಿಗಿಯುವವನು. ಹೊರುವವನು ಬಾಗಿಲಿನಡಿಗೆ ಹೆಗಲು ಕೊಟ್ಟು ನಿಲ್ಲುತ್ತಾನೆ. ಕೂರಿಸುವವನು ಕೀಲುಗಳನ್ನು ಅವುಗಳ ಜಾಗಕ್ಕೆ ಹೊಂದಿಸಿ, ಬಾಗಿಲಿಗೂ ಗಾಡಿಯ ಮೈಗೂ ನಡುವಿನ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇದೆಯೇ ಎಂದು ಬೆರಳಾಡಿಸಿ ನೋಡುತ್ತಾನೆ. ಬಿಗಿಯುವವನು ಬೋಲ್ಟ್ ಬಿಗಿದು ಮುಗಿಸುತ್ತಾನೆ. ದೊಡ್ಡ ಕಂಪನಿಗಳಲ್ಲಿ ಬಾಗಿಲು ಎತ್ತಿ ಹಿಡಿಯಲು ಯಂತ್ರದ ತೋಳು ಇರುತ್ತದಂತೆ. ಈ ಕಾರ್ಖಾನೆಯವರು ಅದನ್ನು ಇವತ್ತು ತರಿಸುತ್ತೇವೆ ನಾಳೆ ತರಿಸುತ್ತೇವೆ ಎನ್ನುತ್ತಲೇ ಹದಿನೆಂಟು ವರ್ಷ ಕಳೆದಿದ್ದರು. ಮನುಷ್ಯನ ಹೆಗಲು ಅಗ್ಗಕ್ಕೆ ಸಿಗುವಾಗ ಯಂತ್ರಕ್ಕೆ ಯಾರು ದುಡ್ಡು ಸುರಿಯುತ್ತಾರೆ?

ಕೂರಿಸುವವರಲ್ಲಿ ಎತ್ತಿದ ಕೈ ಎಂದರೆ ಬಾಗಿಲಣ್ಣ. ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಬೇರೆ ಯಾರಿಗೂ ಬೇಕಿರಲಿಲ್ಲ. ಎಲ್ಲಿ ಹೋದರೂ ಅವನ ಕಣ್ಣು ಮೊದಲು ಹೋಗುತ್ತಿದ್ದದ್ದು ಬಾಗಿಲಿಗೆ. ಮಗಳು ಹುಟ್ಟಿದ ದಿನ ಆಸ್ಪತ್ರೆಯ ವಾರ್ಡಿಗೆ ಬಂದವನು, ಕೂಸಿನ ಮುಖ ನೋಡುವ ಮೊದಲೇ, ಈ ಬಾಗಿಲು ಬಲಕ್ಕೆ ಜೋತಿದೆಯಲ್ಲ ಎಂದು ನರ್ಸಮ್ಮನಿಗೆ ದೂರು ಹೇಳಿದ್ದನೆಂದು ಅವನ ಹೆಂಡತಿ ಹನ್ನೆರಡು ವರ್ಷಗಳಿಂದ ಕಂಡಕಂಡವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು. ಅವನೂ ನಗುತ್ತಿದ್ದ. ಕಸುಬಿನ ಜಂಬ ಅವನಿಗೆ ಇತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ.

ಅವನ ಬಾಗಿಲು ಹೊರುತ್ತಿದ್ದವನು ಸ್ವಂತ ತಂಗಿಯ ಗಂಡ. ಆ ಭಾವಮೈದ ದುಡಿಯುತ್ತಿದ್ದ ಛಾಪಖಾನೆ ಮುಚ್ಚಿಹೋದಾಗ, ಯೂನಿಯನ್ನಿನ ಕಾರ್ಯದರ್ಶಿಯ ಹಿಂದೆ ಮುಂದೆ ಆರು ತಿಂಗಳು ಸುತ್ತಿ, ಕೈಕಾಲು ಹಿಡಿದು, ಬಾಗಿಲಣ್ಣನೇ ಅವನನ್ನು ಇಲ್ಲಿ ಸೇರಿಸಿದ್ದ. ಕೈಕಸುಬು ಗೊತ್ತಿಲ್ಲದವನಿಗೆ ಸಿಗುತ್ತಿದ್ದದ್ದು ಹೊರುವ ಕೆಲಸ ಒಂದೇ. ಹನ್ನೊಂದು ವರ್ಷದಿಂದ ಅವನು ದಿನಕ್ಕೆ ಇನ್ನೂರು ಚಿಲ್ಲರೆ ಬಾಗಿಲುಗಳಿಗೆ ಹೆಗಲು ಕೊಡುತ್ತ, ಜೊತೆಗೆ ಬಾಯಿ ತುಂಬ ಮಾತಾಡುತ್ತ ಬಂದಿದ್ದ. ಬಿಗಿಯುವವನು ದಪ್ಪ ಕನ್ನಡಕದ ಮಿತಭಾಷಿ. ಹೊರುವವನು ಒಬ್ಬನೇ ಮೂವರ ಮಾತೂ ಆಡುತ್ತಾನೆ ಎಂದು ಸೂಪರ್‌ವೈಸರ್ ತಮಾಷೆ ಮಾಡುತ್ತಿದ್ದ.

ಬಾಗಿಲಿಗೆ ಮೂವರು ಎಂಬ ನಿಯಮ ಸುಮ್ಮನೆ ಬಂದದ್ದಲ್ಲ. ಹಿಂದೆ, ದಿನಕ್ಕೆ ಇಷ್ಟೊಂದು ಗಾಡಿ ಬಾರದಿದ್ದಾಗ, ಇಬ್ಬರೇ ಮಾಡುತ್ತಿದ್ದ ಕಾಲವಿತ್ತು. ಬಾಗಿಲಣ್ಣನಿಗೆ ಕಸುಬು ಕಲಿಸಿದ ಹಿರಿಯನಿಗೆ ನಲವತ್ತು ತುಂಬುವ ಹೊತ್ತಿಗೆ ತಲೆ ಬಾಚಿಕೊಳ್ಳಲು ಕೈ ಮೇಲೆ ಹೋಗುತ್ತಿರಲಿಲ್ಲ, ಹೆಂಡತಿ ಬಾಚುತ್ತಿದ್ದಳು. ಅಂಥವರು ಒಬ್ಬಿಬ್ಬರಲ್ಲ. ಕೊನೆಗೆ ಯೂನಿಯನ್ ಐವತ್ತಮೂರು ದಿನ ಮುಷ್ಕರ ಹೂಡಿ ಆ ನಿಯಮವನ್ನು ಒಪ್ಪಂದದಲ್ಲಿ ಬರೆಸಿತು. ಆಗಿನ್ನೂ ಮದುವೆಯಾಗದ ಬಾಗಿಲಣ್ಣ ಗೇಟಿನ ಮುಂದೆ ರಟ್ಟು ಹಾಸಿಕೊಂಡು ಮಲಗಿದವರಲ್ಲಿ ಒಬ್ಬ. ಅಲ್ಲಿಂದ ಮುಂದೆ ಪ್ರತಿ ಒಪ್ಪಂದದ ಮಾತುಕತೆಯಲ್ಲೂ ಕಂಪನಿ, ಮೂರನೆಯವನು ಬೇಡ, ಇಬ್ಬರು ಸಾಕು ಎಂದು ರಾಗ ಎಳೆಯುತ್ತಿತ್ತು. ಈಗಿನ ವೇಗಕ್ಕೆ ಇಬ್ಬರಿಂದ ಆಗುವ ಕೆಲಸವೇ ಅಲ್ಲ ಎಂದು ಕಾರ್ಯದರ್ಶಿ ಮೇಜು ಗುದ್ದುತ್ತಿದ್ದ. ಈ ವರ್ಷ ಗಾಡಿಗಳ ಮಾರಾಟ ನೆಲ ಕಚ್ಚಿತ್ತು. ಆರು ಸಲ ಮಾತುಕತೆ ನಡೆದು, ಆರು ಸಲವೂ ಅದೇ ರಾಗ, ಅದೇ ಗುದ್ದು.

ಇಷ್ಟರಲ್ಲಿ ಕೆಲಸಗಾರರ ಮನೆಯವರನ್ನು ಕಾರ್ಖಾನೆ ನೋಡಲು ಕರೆಯುವ ದಿನ ಬಂತು. ವರ್ಷಕ್ಕೊಮ್ಮೆ ಕಂಪನಿ ಅದನ್ನು ಮಾಡುತ್ತಿತ್ತು. ನೆಲಕ್ಕೆ ಬಳಿದ ಹಳದಿ ಗೆರೆಯ ಆಚೆ ಹೆಂಡತಿ ಮಕ್ಕಳು ಅಪ್ಪಅಮ್ಮಂದಿರು ನಿಲ್ಲುತ್ತಾರೆ, ಈಚೆ ಗಾಡಿಗಳನ್ನು ಸಾಗಿಸುವ ಲೈನು ನಿಧಾನಕ್ಕೆ ಓಡುತ್ತದೆ, ಹತ್ತೋ ಹನ್ನೆರಡೋ ಗಾಡಿ ತಯಾರಾಗುತ್ತವೆ, ಮಕ್ಕಳ ಕೈಗೆ ಬಿಸ್ಕತ್ತು ಬೀಳುತ್ತದೆ. ಬಾಗಿಲಣ್ಣನ ಮಗಳು ಆ ವಾರವಿಡೀ ಮುಖ ಊದಿಸಿಕೊಂಡಿದ್ದಳು. ಬಾಗಿಲು ಹಾಕೋದೇನು ಮಹಾ ಕೆಲಸ ಎಂದು ಶಾಲೆಯಲ್ಲಿ ಗೆಳತಿ ಹೀಯಾಳಿಸಿದ್ದಳಂತೆ. ಆ ಗೆಳತಿಯ ಅಪ್ಪ ಎಂಜಿನ್ ವಿಭಾಗದವನು. ಅವಳೂ ಅವತ್ತು ಗೆರೆಯ ಆಚೆ, ಇವಳ ಪಕ್ಕದಲ್ಲೇ ನಿಂತಿದ್ದಳು.

ಆರು ಗಾಡಿ ಮುಗಿದು ಏಳನೆಯದು ಬರುವ ಹೊತ್ತಿಗೆ ಬಾಗಿಲಣ್ಣ ಮಗಳ ಕಡೆ ನೋಡಿದ. ಅವಳು ಗೆಳತಿಗೆ ಏನೋ ಹೇಳುತ್ತ ಅವನತ್ತ ಕೈ ತೋರಿಸುತ್ತಿದ್ದಳು. ಗಾಡಿ ಎದುರಿಗೆ ಬಂದು ನಿಂತಿತು. ಅವನು ಬಾಗಿಲನ್ನು ಕಟ್ಟೆಯಿಂದ ತಾನೇ ಎತ್ತಿ, ಅಡಿಗೆ ತನ್ನದೇ ಹೆಗಲು ಕೊಟ್ಟು, ಎಡಗೈಯಲ್ಲಿ ಕೀಲು ಹೊಂದಿಸಿ, ಬಲಗೈ ಬೆರಳನ್ನು ಸಂದಿನುದ್ದಕ್ಕೂ ಒಂದೇ ಸಲ ಎಳೆದ. ಕನ್ನಡಕದವನು ಬೋಲ್ಟ್ ಬಿಗಿದ. ಬಾಗಿಲಣ್ಣ ಒಂದೇ ಬೆರಳಿನಲ್ಲಿ ಬಾಗಿಲನ್ನು ತಳ್ಳಿದ. ಅದು ಮೆತ್ತಗೆ ಹೋಗಿ ಟಪ್ಪೆಂದು ಕೂತಿತು. ಗೆರೆಯ ಆಚೆ ಚಪ್ಪಾಳೆ ಬಿತ್ತು. ಮಗಳ ಮುಖ ಅಷ್ಟು ಅರಳಿದ್ದನ್ನು ಅವನು ಮತ್ತೆಂದೂ ನೋಡಲಿಲ್ಲ.

ಹೊರುವವನು ಆಗ ಗೆರೆಯ ಆಚೆ, ತನ್ನ ಹೆಂಡತಿಯ ಪಕ್ಕದಲ್ಲಿ, ಮೈದಾನದಷ್ಟು ದೊಡ್ಡ ಆ ಶೆಡ್ಡಿನ ಮೂಲೆಮೂಲೆ ತೋರಿಸುತ್ತ ಹರಟುತ್ತಿದ್ದ. ಅಲ್ಲೇ ಜನರ ಹಿಂದೆ, ಕಂಪನಿಗೆ ಹೊಸದಾಗಿ ಬಂದ ಎಂಜಿನಿಯರ್ ಫೋನು ಹಿಡಿದು ನಿಂತಿದ್ದ. ಎಲ್ಲರ ಕೈಯಲ್ಲೂ ಫೋನು ಇದ್ದ ದಿನ ಯಾರು ಯಾರನ್ನು ಅನುಮಾನಿಸಬೇಕು?

ಏಳನೆಯ ಮಾತುಕತೆ ಮುಗಿದ ಮಧ್ಯಾಹ್ನ ಕಾರ್ಯದರ್ಶಿ ಬಾಗಿಲಣ್ಣನನ್ನು ಯೂನಿಯನ್ ಕೋಣೆಗೆ ಕರೆಸಿದ. ಇಬ್ಬರೇ ಇದ್ದರು. ಕಂಪನಿ ತನಗೆ ತೋರಿಸಿದ ವಿಡಿಯೋವನ್ನು ಕಾರ್ಯದರ್ಶಿ ಇವನ ಮುಂದಿಟ್ಟ. ಆ ಏಳನೆಯ ಗಾಡಿಯ ಬಾಗಿಲು, ನಲವತ್ತೆಂಟು ಸೆಕೆಂಡು. ಮೂವರಿಗೆ ಒಪ್ಪಂದದಲ್ಲಿ ಬರೆದಿದ್ದ ಸಮಯ ಒಂದೂವರೆ ನಿಮಿಷ. ಬಾಗಿಲಣ್ಣನಿಗೆ ಮೊದಲ ಗಳಿಗೆಯಲ್ಲಿ ತನ್ನ ಕೈ ಎಷ್ಟು ಚೆನ್ನಾಗಿ ಓಡುತ್ತದೆ ಎಂದೇ ಅನ್ನಿಸಿತು. ಮರುಗಳಿಗೆ, ವಿಡಿಯೋದಲ್ಲಿ ಇರುವುದು ಇಬ್ಬರೇ ಎಂಬುದು ಹೊಳೆಯಿತು.

“ಆಗಲ್ಲ ಅಂತ ಏಳು ಸಲ ಹೇಳಿದೆ,” ಎಂದ ಕಾರ್ಯದರ್ಶಿ. “ನೀನು ಆಗುತ್ತೆ ಅಂತ ತೋರಿಸಿಬಿಟ್ಟೆ. ಅದೂ ಯಾರೂ ಕೇಳದೆ.”

ಬೈದಿದ್ದರೆ ವಾಸಿಯಿತ್ತು. ಕಾರ್ಯದರ್ಶಿ ಬೈಯಲಿಲ್ಲ, ಹಣೆ ಒತ್ತಿಕೊಳ್ಳುತ್ತ ಕೂತ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡೆನಲ್ಲ ಎಂದು ಬಾಗಿಲಣ್ಣ ಒಳಗೊಳಗೇ ಬೆಂದ. ಅದೂ ಕಟ್ಟಿದ್ದು ತನ್ನ ಕೈಯಲ್ಲ, ಎರಡು ಶಿಫ್ಟು ಸೇರಿ ಹೊರುತ್ತಿದ್ದ ಇಪ್ಪತ್ತನಾಲ್ಕು ಜನರ ಕೈ. ಅದರಲ್ಲಿ ಒಬ್ಬ ತಂಗಿಯ ಗಂಡ.

ಒಂದು ಬಾಗಿಲು ಎಂದರೆ ಒಂದು ಶಿಫ್ಟಲ್ಲ, ಅವತ್ತಿನ ಶೋಕಿಗೆ ತನ್ನ ಹೆಗಲು ಮೂರು ದಿನ ಎತ್ತಲು ಬಾರದೆ ಎಣ್ಣೆ ತಿಕ್ಕಿಸಿಕೊಂಡೆ ಎಂದು ಬಾಗಿಲಣ್ಣ ಹೇಳಿದ. ಕಾರ್ಯದರ್ಶಿ ಅದನ್ನೇ ಹಿಡಿದು ಕಂಪನಿಯ ಮುಂದೆ ವಾದ ಹೂಡಿದ: ಇಡೀ ಶಿಫ್ಟು ಇಬ್ಬರೇ ಮಾಡಿ ತೋರಿಸಲಿ, ಆಮೇಲೆ ಮಾತು. ಕಂಪನಿ ಇಡೀ ಶಿಫ್ಟಿಗೆ ಒಪ್ಪಲಿಲ್ಲ, ಒಂದು ಗಂಟೆಗೆ ಒಪ್ಪಿತು. ಮಾಡಬೇಕಾದವನು ಬಾಗಿಲಣ್ಣನೇ ಎಂದು ಷರತ್ತು ಹಾಕಿತು. ಆ ಒಂದು ಗಂಟೆ ಕೈ ಸೋಲಬೇಕು, ಸಂದು ಸೊಟ್ಟಗಾಗಬೇಕು ಎಂದು ಕಾರ್ಯದರ್ಶಿ ಕಿವಿಯಲ್ಲಿ ಹೇಳಿ ಕಳಿಸಿದ.

ಬಾಗಿಲಣ್ಣ ಸೋತ. ಜೀವಮಾನದಲ್ಲಿ ಮೊದಲ ಸಲ ಬೇಕೆಂದೇ ಕೀಲು ತಪ್ಪಿಸಿದ, ಬಾಗಿಲನ್ನು ಎರಡೆರಡು ಸಲ ಇಳಿಸಿ ಎತ್ತಿದ, ಒಂದು ಬಾಗಿಲನ್ನು ಮೇಲೆ ಅಗಲ ಕೆಳಗೆ ಕಿರಿದು ಮಾಡಿ ಹಾಗೇ ಬಿಟ್ಟ. ಇಪ್ಪತ್ತೆಂಟು ವರ್ಷದ ಕಸುಬಿನ ಮುಖಕ್ಕೆ ತಾನೇ ಉಗಿದಂತಾಯಿತು. ಉಗಿದರೂ ಪರವಾಗಿಲ್ಲ, ತಂಗಿಯ ಮನೆಯ ಒಲೆ ಉರಿಯಲಿ ಎಂದುಕೊಂಡ. ಗಂಟೆ ಮುಗಿದಾಗ ಎಂಜಿನಿಯರ್ ಸಿಟ್ಟಾಗಲಿಲ್ಲ. ಬಲು ಮರ್ಯಾದಸ್ಥ ಮನುಷ್ಯ. ಕುಡಿಯಲು ನೀರು ಕೊಡಿಸಿ, ಫೋನು ತೆಗೆದು, ಎಲ್ಲರೆದುರು ಅದೇ ವಿಡಿಯೋ ಹಚ್ಚಿದ. ಈ ಸಲ ಅದರ ದನಿಯನ್ನೂ ಏರಿಸಿದ. ಚಪ್ಪಾಳೆಯ ನಡುವೆ ಬಾಗಿಲಣ್ಣನ ಮಗಳ ದನಿ ಸ್ಪಷ್ಟವಾಗಿ ಕೇಳಿಸಿತು: “ನೋಡಿದ್ಯಾ, ನಮ್ಮಪ್ಪ ಒಬ್ರೇ ಎತ್ತಿದ್ರು.”

ಎಂಜಿನಿಯರ್ ಕೇಳಿದ್ದು ಇಷ್ಟೇ: ಇದು ಸುಳ್ಳಾ, ಇವತ್ತಿನದು ಸುಳ್ಳಾ? ಬಾಗಿಲಣ್ಣ ನೀರಿನ ಲೋಟ ಕೆಳಗಿಟ್ಟ. ಕಾರ್ಯದರ್ಶಿ ತನ್ನ ಬೂಟಿನ ತುದಿ ನೋಡುತ್ತಿದ್ದ.

ಮುಂದಿನದು ಬೇಗ ಮುಗಿಯಿತು. ಹೊರುವವರನ್ನು ಉಳಿಸಲು ಮುಷ್ಕರ ಹೂಡಿದರೆ ಇಡೀ ಲೈನನ್ನೇ ಬೇರೆ ಊರಿಗೆ ಸಾಗಿಸುತ್ತೇವೆ ಎಂದು ಕಂಪನಿ ಹೆದರಿಸಿತು. ಯೂನಿಯನ್ನಿನ ಸಭೆ ಊಟದ ಶೆಡ್ಡಿನಲ್ಲಿ ಸೇರಿತು. ಇಪ್ಪತ್ತನಾಲ್ಕು ಜನಕ್ಕೋಸ್ಕರ ಸಾವಿರದ ಇನ್ನೂರು ಜನ ಬೀದಿಗೆ ಬರಬೇಕಾ ಎಂದು ಬಣ್ಣದ ವಿಭಾಗದವನೊಬ್ಬ ಕೇಳಿದ. ಕೇಳಿದವನು ಕೆಟ್ಟವನಲ್ಲ, ಐವತ್ತಮೂರು ದಿನ ಬಾಗಿಲಣ್ಣನ ಪಕ್ಕದಲ್ಲೇ ರಟ್ಟು ಹಾಸಿದವನು. ಕಷ್ಟ ಬಂದಾಗ ಅವರವರ ತಲೆಗೆ ಅವರವರದೇ ಕೈ. ಕಂಪನಿಯ ಮಾತು ಒಪ್ಪುವವರು ಕೈ ಎತ್ತಿ ಎಂದಾಗ ಶೆಡ್ಡಿನ ತುಂಬ ಕೈಗಳೆದ್ದವು. ಬೇಡ ಎನ್ನುವವರು ಎಂದಾಗ ಎದ್ದವು ಎಪ್ಪತ್ತೋ ಎಂಬತ್ತೋ. ಅವುಗಳಲ್ಲಿ ಒಂದಾದ ಬಾಗಿಲಣ್ಣನ ಕೈಯನ್ನು ಹೆಚ್ಚಿನವರು ನೋಡಲಿಲ್ಲ, ನೋಡಿದ ಒಬ್ಬಿಬ್ಬರು ಮುಖ ತಿರುಗಿಸಿದರು. ಮರುದಿನ ನೋಟಿಸ್ ಬೋರ್ಡಿನಲ್ಲಿ ಇಪ್ಪತ್ತನಾಲ್ಕು ಹೆಸರು ಬಿದ್ದವು. ತಿಂಗಳ ಕೊನೆಯ ದಿನವೇ ಅವರ ಕೊನೆಯ ಶಿಫ್ಟು.

ಬಾಗಿಲಣ್ಣನಿಗೆ ಬೇರೆ ಕಾಗದ ಬಂತು. ಇಬ್ಬರೇ ಬಾಗಿಲು ಕೂರಿಸುವ ವಿಧಾನವನ್ನು ಉಳಿದ ತಂಡಗಳಿಗೆ ಅವನು ಕಲಿಸಬೇಕಂತೆ. ಒಲ್ಲೆ ಎನ್ನಲು ಮೇಲಿನ ಮಹಡಿಯ ಕಚೇರಿಗೆ ಹೋದ. ಒಲ್ಲೆ ಎಂದರೆ ಪಟ್ಟಿಗೆ ಇಪ್ಪತ್ತೈದನೆಯ ಹೆಸರು ಸೇರುತ್ತದೆ ಎಂದು ಅಲ್ಲಿ ಬೆಲ್ಲದಂಥ ದನಿಯಲ್ಲಿ ತಿಳಿಸಿದರು. ಮಗಳ ಶಾಲೆ, ಮನೆಯ ಬಾಡಿಗೆ, ಹೆಂಡತಿಯ ಮುಖ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು, ಅವನು ಕಾಗದಕ್ಕೆ ಸಹಿ ಹಾಕಿ ಕೆಳಗಿಳಿದ. ಮೆಟ್ಟಿಲಿಳಿಯುವಾಗ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಆ ತಿಂಗಳ ದಿನಗಳಲ್ಲಿ ಭಾವಮೈದ ಅವನ ಪಕ್ಕದಲ್ಲೇ ನಿಂತು ಬಾಗಿಲು ಹೊತ್ತ, ಆದರೆ ಮಾತು ನಿಲ್ಲಿಸಿಬಿಟ್ಟಿದ್ದ. ಕನ್ನಡಕದವನೇ ತಡೆಯಲಾರದೆ ಒಂದೆರಡು ಸಲ ಹವಾಮಾನದ ಬಗ್ಗೆ ಏನೋ ಹೇಳಿ ಸೋತ.

ಕೊನೆಯ ಶಿಫ್ಟಿನ ಸಂಜೆ ಬಾಗಿಲಣ್ಣ ತಂಗಿಯ ಮನೆಗೆ ಹೋದ. ಒಂದೇ ಕೋಣೆ, ಅದರ ಮೂಲೆಯಲ್ಲಿ ಅಡುಗೆ. ತಂಗಿ ತರಕಾರಿ ಹೆಚ್ಚುತ್ತಿದ್ದವಳು ತಲೆಯೆತ್ತಿ, ಬಾ ಅಣ್ಣ ಎಂದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಭಾವಮೈದ ಮಂಚದ ಅಂಚಿನಲ್ಲಿ ಕೂತಿದ್ದ. ಹೆಗಲಿಗೆ ಕಟ್ಟಿಕೊಳ್ಳುತ್ತಿದ್ದ ಚರ್ಮದ ಪಟ್ಟಿಯನ್ನು ಕಂಪನಿ ವಾಪಸ್ ತೆಗೆದುಕೊಂಡಿತ್ತು. ಬಾಗಿಲಣ್ಣ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಕ್ಷಮೆಯ ಮಾತುಗಳಲ್ಲಿ ಒಂದನ್ನೂ ಆಡಲು ಭಾವಮೈದ ಬಿಡಲಿಲ್ಲ.

“ಒಂದು ಕೇಳ್ತೀನಿ ಭಾವ, ನಿಜ ಹೇಳಿ,” ಎಂದ. “ಆವತ್ತು ಬಾಗಿಲು ಎತ್ತೋವಾಗ ನಾನು ಪಕ್ಕದಲ್ಲಿಲ್ಲ ಅಂತ ನಿಮಗೆ ಗೊತ್ತಿತ್ತಾ?”

ತರಕಾರಿ ಹೆಚ್ಚುವ ಸದ್ದು ನಿಂತಿತು.

ಗೊತ್ತಿರಲಿಲ್ಲ. ನಿಜ ಅದು. ಗಾಡಿ ಬಂತು, ಕೈ ಹೋಯಿತು, ಹೆಗಲು ಹೋಯಿತು, ಬಾಗಿಲು ಕೂತಿತು. ಚಪ್ಪಾಳೆಯೆಲ್ಲ ಮುಗಿದು, ಹೊರುವವನು ಎಲ್ಲಿ ಎಂದು ಕನ್ನಡಕದವನು ಕೇಳಿದಾಗಲೇ ಬಾಗಿಲಣ್ಣ ಬಲಕ್ಕೆ ತಿರುಗಿ ನೋಡಿದ್ದು. ಹನ್ನೊಂದು ವರ್ಷ ಕಿವಿಯ ಪಕ್ಕದಲ್ಲಿ ಉಸಿರಾಡಿದ ಮನುಷ್ಯ ಇಲ್ಲವಾದದ್ದು ಅವನ ಕೈಗೆ ತಿಳಿದೇ ಇರಲಿಲ್ಲ. ಅದನ್ನು ಈಗ ಹೇಳಿದರೆ ಈ ಮನುಷ್ಯ ಅದನ್ನು ಸಾಯುವವರೆಗೂ ಹೊರಬೇಕು. ಕೆಲಸ ಹೋದವನಿಗೆ ಇನ್ನೊಂದು ಕೆಲಸ ಸಿಕ್ಕೀತು. ತಾನು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂದು ತಿಳಿದವನು ಯಾವ ಮುಖ ಹೊತ್ತು ಕೆಲಸ ಕೇಳಲು ಹೋಗುತ್ತಾನೆ?

“ಗೊತ್ತಿತ್ತು,” ಎಂದ ಬಾಗಿಲಣ್ಣ. “ನೀನಿಲ್ಲದಿದ್ದದ್ದು ನೋಡಿದೆ. ಒಂದು ಕೂಗು ಹಾಕಿದ್ರೆ ನೀನು ಬರ್ತಿದ್ದೆ. ಕೂಗಲಿಲ್ಲ. ಮಗಳ ಮುಂದೆ ದೊಡ್ಡವನಾಗೋಣ ಅಂತ ಬೇಕಂತಲೇ ಎತ್ತಿದೆ. ನೀನಿಲ್ಲದೆ ಎತ್ತಿ ಮೂರು ದಿನ ನರಳಿದೆ.”

ಭಾವಮೈದ ಅವನ ಮುಖವನ್ನೇ ನೋಡಿದ. ತಿಂಗಳಿನಿಂದ ಬಾಗಿದ್ದ ಅವನ ಕತ್ತು ನಿಧಾನವಾಗಿ ನೆಟ್ಟಗಾಯಿತು, ಕಣ್ಣಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ನೋಡಿ ಬಾಗಿಲಣ್ಣನಿಗೆ ಉಸಿರು ಬಂದಂತಾಯಿತು.

“ಹಾಗಾದ್ರೆ ಇದನ್ನ ಮಾಡಿದ್ದು ನೀವು. ನನ್ನ ಮನೆಗೆ ಇನ್ನು ಬರಬೇಡಿ.”

ಬಾಗಿಲಣ್ಣ ತಂಗಿಯ ಕಡೆ ನೋಡಿದ. ಅವಳು ಚಾಕು ಕೆಳಗಿಟ್ಟು, ಎದ್ದು ಹೋಗಿ ಗಂಡನ ಪಕ್ಕದಲ್ಲಿ ಕೂತಳು. ಅಣ್ಣನ ಕಡೆ ನೋಡಲಿಲ್ಲ. ಅವನು ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದ. ಅಣ್ಣ ಎಂದು ಕರೆದಾಳೇನೋ ಎಂದು ಬೀದಿಯ ತಿರುವಿನವರೆಗೂ ನಿಧಾನವಾಗಿ ನಡೆದ. ಅವಳು ಕರೆಯಲಿಲ್ಲ.