ಬಾಣಂತಿಯ ಇಪ್ಪತ್ತು ನಿಮಿಷ

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ‘ಬರಿಯೋ ಹುಡುಗಿ’ ಎಂದೇ ಕರೆಯುತ್ತಿದ್ದರು. ದುಡಿಯುವವರ ಬದುಕನ್ನು ಅವರ ಜೊತೆಗಿದ್ದೇ ತಿಳಿಯಬೇಕು ಎಂದು ವಿಶ್ವವಿದ್ಯಾಲಯದ ಮೇಷ್ಟ್ರು ಕಳಿಸಿದ್ದರು. ಎಂಟು ತಿಂಗಳು ಅವಳೂ ಚಾದರ ಮಡಿಸಿದಳು, ಕೈ ಸುಟ್ಟುಕೊಂಡಳು, ಮನೆಗೆ ಹೋಗಿ ಎಲ್ಲವನ್ನೂ ಬರೆದಿಟ್ಟಳು.

ಮೂರನೇ ತಿಂಗಳಲ್ಲಿ ಹೆಂಗಸರು ಒಂದು ಗುಟ್ಟು ಬಿಟ್ಟುಕೊಟ್ಟರು. ಬಟ್ಟೆ ಒಣಗಿಸುವ ಯಂತ್ರದ ಜಾಲರಿಯಲ್ಲಿ ನೂಲಿನ ಜುಂಗು ತುಂಬಿಕೊಂಡರೆ ಯಂತ್ರ ಕಾದು ತಾನಾಗಿ ನಿಂತುಬಿಡುತ್ತದೆ. ತಣ್ಣಗಾಗಲು ಇಪ್ಪತ್ತು ನಿಮಿಷ ಬೇಕು. ಮಧ್ಯಾಹ್ನದ ಮೂರನೇ ಲೋಡಿಗೆ ಅವರು ಬೇಕೆಂದೇ ಜುಂಗು ಕೀಳದೆ ಬಿಡುತ್ತಿದ್ದರು. ಯಂತ್ರ ನಿಂತದ್ದೇ ತಡ, ಬೆಚ್ಚಗಿನ ಚಾದರದ ಗಂಟುಗಳ ಮೇಲೆ ಕೂತು ಕಾಲು ಚಾಚುತ್ತಿದ್ದರು.

“ಬಾಣಂತಿ ಕಣೇ ಇವಳು. ರೆಸ್ಟ್ ಕೊಡದೆ ಇದ್ರೆ ಪಾಪ ಸುತ್ಕೊಳ್ಳುತ್ತೆ,” ಎಂದು ಯಂತ್ರದ ಬೆನ್ನು ತಟ್ಟುತ್ತಿದ್ದರು ದೊಡ್ಡಮ್ಮ. ಅಲ್ಲಿ ಎಲ್ಲರಿಗಿಂತ ಹಿರಿಯರು ಅವರೇ. ಕಾಲಿನ ನರಗಳು ಗಂಟುಕಟ್ಟಿ ನೀಲಿಯಾಗಿದ್ದವು.

ಲೇಖನ ಬರೆಯುವಾಗ ಹುಡುಗಿ ಎಚ್ಚರ ವಹಿಸಿದ್ದಳು. ಹೆಸರು ಬದಲಿಸಿದಳು, ಆಸ್ಪತ್ರೆಯನ್ನು ‘ಒಂದು ದೊಡ್ಡ ಆಸ್ಪತ್ರೆ’ ಎಂದಷ್ಟೇ ಕರೆದಳು. ಜಾಲರಿ, ಜುಂಗು, ಮೂರನೇ ಲೋಡು ಮಾತ್ರ ಇದ್ದದ್ದು ಇದ್ದಹಾಗೆ ಉಳಿದವು. ಆ ಪುಟದ ಅಂಚಿನಲ್ಲಿ ಮೇಷ್ಟ್ರು ‘ಭೇಷ್’ ಎಂದು ಬರೆದಿದ್ದರು. ಅನುಮತಿ ಪತ್ರದ ಕರಾರಿನಂತೆ ಒಂದು ಪ್ರತಿಯನ್ನು ಲಾಂಡ್ರಿಯ ಮ್ಯಾನೇಜರಿಗೆ ಅವಳೇ ಕಳಿಸಿದಳು. ಮ್ಯಾನೇಜರುಗಳು ಇಂಥದ್ದನ್ನೆಲ್ಲ ಓದುವುದಿಲ್ಲ ಎಂದುಕೊಂಡಿದ್ದಳು.

ತಿಂಗಳು ಕಳೆದು, ಸಿಹಿಯ ಪೊಟ್ಟಣ ಹಿಡಿದು ಲಾಂಡ್ರಿಗೆ ಹೋದರೆ ಯಾರೂ ತಲೆ ಎತ್ತಲಿಲ್ಲ. ಯಂತ್ರದ ಪಕ್ಕ ಗಾರ್ಡ್ ಒಬ್ಬ ನಿಂತಿದ್ದ. ಪ್ರತಿ ಲೋಡಿಗೂ ಜಾಲರಿ ಕಿತ್ತು ತೋರಿಸಿ ಅವನ ಸಹಿ ಪಡೆಯಬೇಕಿತ್ತು.

“ಬಂದ್ಲಪ್ಪ ಮಹಾರಾಣಿ,” ಅಂದಳು ಇಸ್ತ್ರಿಯವಳು. “ಇನ್ನೇನು ಬರಿಯೋಕೆ ಉಳಿದಿದೆ? ಬಾತ್‌ರೂಮಿಗೆ ಎಷ್ಟು ಸಲ ಹೋಗ್ತೀವಿ ಅಂತಾನಾ?”

“ಅಕ್ಕಾ, ನಾನು ಯಾರ ಹೆಸರೂ ಹಾಕಿಲ್ಲ...”

“ಹೆಸರು ಯಾರಿಗೆ ಬೇಕಾಗಿತ್ತೇ? ಹೆಸರು ಬೇಕಾದ್ರೆ ಹಾಕಿ, ಈ ಜುಂಗಿನ ವಿಷಯ ಒಂದನ್ನ ಬಿಟ್ಟಿದ್ರೆ ಆಗ್ತಿರಲಿಲ್ವಾ?”

ದೊಡ್ಡಮ್ಮ ಬೈಯಲಿಲ್ಲ. ಗೋಡೆಗೆ ಒರಗಿ, ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತಾ ಅಂದರು: “ಮ್ಯಾನೇಜರಿಗೆ ನೀನೇ ಹೋಗಿ ಹೇಳಮ್ಮ, ಅದೆಲ್ಲ ನಾನು ಕಟ್ಟಿದ ಕಥೆ ಅಂತ. ನೀನು ಓದಿದೋಳು, ನಂಬ್ತಾರೆ. ಆ ಇಪ್ಪತ್ತು ನಿಮಿಷ ಇಲ್ದೆ ನನ್ನ ಕೈಲಿ ಆಗಲ್ಲ.”

ಹುಡುಗಿ ಆಗಲಿ ಎಂದಳು. ಕಟ್ಟುಕಥೆ ಎಂದು ಒಪ್ಪಿಕೊಂಡರೆ ಡಿಗ್ರಿ ಹೋಯಿತು, ಮೇಷ್ಟ್ರಿಗೆ ಮುಖ ತೋರಿಸುವಂತಿಲ್ಲ. ಹೋದರೆ ಹೋಗಲಿ ಎಂದುಕೊಂಡೇ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದಳು.

ಮ್ಯಾನೇಜರ್ ಎದ್ದು ನಿಂತು ಕುರ್ಚಿ ತೋರಿಸಿದ. ಮೇಜಿನ ಮೇಲೆ ಲೇಖನವಿತ್ತು, ಸಾಲುಸಾಲಿಗೂ ಹಸಿರು ಇಂಕಿನ ಗೆರೆ.

“ರಿಪೇರಿಯವರನ್ನ ಕರೆಸಿ ಕರೆಸಿ ಸಾಕಾಗಿತ್ತು ಮೇಡಂ. ಎಂಥ ಸೂಕ್ಷ್ಮ ಕಣ್ಣು ರೀ ನಿಮ್ಮದು! ಒಂದೇ ಒಂದು ಕೇಳ್ತೀನಿ. ಇದೆಲ್ಲ ನಿಜ ತಾನೇ?”

ಅವಳು ಬರೆದದ್ದನ್ನು ಇಷ್ಟು ಶ್ರದ್ಧೆಯಿಂದ ಯಾರೂ ಓದಿರಲಿಲ್ಲ, ಮೇಷ್ಟ್ರು ಕೂಡ.

“ಹೌದು ಸರ್,” ಅಂದಳು. “ಕಣ್ಣಾರೆ ನೋಡಿದ್ದು.”

ಕೆಳಗೆ ಬಂದಾಗ ದೊಡ್ಡಮ್ಮ ಒದ್ದೆ ಚಾದರ ಕೊಡವುತ್ತಿದ್ದರು. “ಹೇಳಿದ್ಯಾ?”

“ಹೇಳಿದೆ ದೊಡ್ಡಮ್ಮ. ಅವರು ನಂಬಲಿಲ್ಲ.”

“ಹೋಗ್ಲಿ ಬಿಡು, ನೀನಾದ್ರೂ ಏನು ಮಾಡ್ತೀಯ,” ಎಂದು ದೊಡ್ಡಮ್ಮ ಅವಳ ತಲೆ ಸವರಿದರು.

ಹುಡುಗಿ ತಲೆ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅವರು ಸವರುವಷ್ಟು ಹೊತ್ತೂ ನಿಂತೇ ಇದ್ದಳು.