ಮಂಜುಗಡ್ಡೆಯ ತೂತು

"ಐದಿದ್ದವು. ಈಗ ಎರಡೇ," ಎಂದಳು ಬೆರಿಲ್.

ಕುದಿನೀರು ತುಂಬಿದ ಪಾತ್ರೆಯನ್ನು ಕೊಳದ ಮಂಜುಗಡ್ಡೆಯ ಮೇಲಿಟ್ಟು, ಹಿಡಿಯನ್ನು ಬಿಡದೆ ಮಂಡಿಯೂರಿ ಕೂತಿದ್ದಳು. ಪಾತ್ರೆಯ ತಳ ಗಡ್ಡೆಯನ್ನು ಕರಗಿಸುತ್ತ ಮೆಲ್ಲಗೆ ಒಳಕ್ಕಿಳಿಯುತ್ತಿತ್ತು. ಸುತ್ತಿಗೆಯಿಂದ ಒಡೆದರೆ ಆ ಪೆಟ್ಟಿನ ಅದುರಿಗೇ ಅಡಿಯಲ್ಲಿ ಮಲಗಿದ ಮೀನುಗಳ ಜೀವ ಹೋಗುತ್ತದೆ. ಒಡೆಯದೆ ಬಿಟ್ಟರೆ ಕೊಳೆತ ಎಲೆಗಳ ಕೆಟ್ಟ ಗಾಳಿ ಒಳಗೇ ಉಳಿದು ಉಸಿರು ಕಟ್ಟುತ್ತದೆ. ಅದಕ್ಕೇ ದಿನಾ ಬೆಳಗಾಗುತ್ತಲೇ ಅವಳದು ಇದೇ ಪೂಜೆ.

ಪಕ್ಕದ ಮನೆಯ ಬೊಜೆನಾ ಗಿಡ್ಡ ಬೇಲಿಯ ಈಚೆ ಕಸದ ಚೀಲ ಹಿಡಿದು ನಿಂತಿದ್ದಳು. "ಅಡೀಲೆಲ್ಲೋ ಅಡಗಿರಬಹುದು ಬೆರಿಲ್."

"ಹದಿನೆಂಟು ವರ್ಷದಿಂದ ಸಾಕಿದೀನಿ ಮರಿ. ಅಡಗಿರೋದು ಯಾವ್ದು, ಇಲ್ಲದೇ ಇರೋದು ಯಾವ್ದು ಅಂತ ನಂಗೆ ಗೊತ್ತಾಗಲ್ವಾ?" ಬೆರಿಲ್ ಪಾತ್ರೆ ಎತ್ತಿದಳು. ಗುಂಡಗಿನ ತೂತಿನಲ್ಲಿ ಕಪ್ಪು ನೀರು ಅಲುಗಿತು. ಅವಳು ತಲೆಯೆತ್ತದೆಯೇ ಕೇಳಿದಳು: "ನಾನೇನೂ ಹೇಳ್ತಿಲ್ಲಮ್ಮ. ಸುಮ್ನೆ ಕೇಳ್ತೀನಿ. ಕ್ರಿಸ್‌ಮಸ್ ಹಿಂದಿನ ರಾತ್ರಿ ನಿಮ್ಮೋರು ಊಟಕ್ಕೆ ಏನು ಮಾಡ್ತಾರೆ?"

ಆ ಕೊರೆಯುವ ಚಳಿಯಲ್ಲೂ ಬೊಜೆನಾಳ ಕಿವಿ ಬಿಸಿಯಾಯಿತು. ಪೋಲೆಂಡಿನವರು ಆ ರಾತ್ರಿ ಕಾರ್ಪ್ ಮೀನು ತಿನ್ನುತ್ತಾರೆ, ಎರಡು ದಿನ ಮೊದಲೇ ಜೀವಂತ ತಂದು ಸ್ನಾನದ ತೊಟ್ಟಿಯಲ್ಲಿ ಬಿಟ್ಟುಕೊಳ್ಳುತ್ತಾರೆ ಎಂದು ಬೆರಿಲ್‌ಗೆ ಹೇಳಿದವಳು ಅವಳೇ. ಹೋದ ವರ್ಷ, ಬೆರಿಲ್‌ಳ ಅಡುಗೆಮನೆಯಲ್ಲೇ ಕೂತು. ಕೇಳಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

"ಮೀನೇ. ಅಂಗಡಿಯಿಂದ ತಂದು," ಎಂದಳು.

"ಅಂಗಡಿಯಿಂದ. ಸರಿ." ಬೆರಿಲ್ ಒಳಗೆ ಹೋದಳು. ಬಾಗಿಲ ಬಳಿ ಹಕ್ಕಿಗಳಿಗೆಂದು ನೇತುಹಾಕಿದ ಕೊಬ್ಬಿನ ಉಂಡೆಯಿಂದ ಕೆಂಪೆದೆಯ ಪುಟ್ಟ ಹಕ್ಕಿಯೊಂದು ಹಾರಿ, ಅವಳು ಮರೆಯಾದ ಮೇಲೆ ಮತ್ತೆ ಬಂದು ಕೂತಿತು. ಆ ಬೀದಿಯಲ್ಲಿ ಬೊಜೆನಾ ಬಾಗಿಲು ತಟ್ಟದೆ ಒಳಗೆ ಕಾಲಿಡಬಹುದಾದ ಮನೆ ಅದೊಂದೇ. ಅವಳ ಇಂಗ್ಲಿಷಿನಲ್ಲಿ ಅರ್ಧ ಆ ಅಡುಗೆಮನೆಯ ಮೇಜಿನ ಬಳಿಯೇ ಬಂದದ್ದು.

ಮನೆಯೊಳಗೆ ಮಾವ ಝೆನೊನ್ ಕಿಟಕಿಯ ಪರದೆಯ ಸಂದಿಯಿಂದ ನೋಡುತ್ತಿದ್ದವನು ಹಿಂದೆ ಸರಿದ. ಶರತ್ಕಾಲದಲ್ಲಷ್ಟೇ ಪೋಲೆಂಡಿನ ಊರು ಬಿಟ್ಟು ಮಗನ ಮನೆಗೆ ಬಂದಿದ್ದ. ಮಗ ಲೆಶೆಕ್ ಲಾರಿ ಓಡಿಸುವವನು, ವಾರಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು.

"ಮುದುಕಿ ಮೀನಿಗೆ ಚಹಾ ಕಾಯಿಸಿ ಕೊಟ್ಟಳಾ?"

"ಮಾವ, ನೀವು ಆ ಹಿತ್ತಲಿಗೆ ಹೋಗಿದ್ರಾ?"

"ನಂಗ್ಯಾಕಮ್ಮ ಅವಳ ಹಿತ್ತಲು? ಏನಿದೆ ಅಲ್ಲಿ, ಐದು ಬೊಂಬೆ ಮೀನು."

ಐದು ಎಂದು ಇವನಿಗೆ ಯಾರು ಹೇಳಿದರು? ಬೊಜೆನಾ ಕೇಳಲಿಲ್ಲ. ಝೆನೊನ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, "ಇವತ್ತು ಸಂಜೆಯಿಂದ ತೊಟ್ಟಿ ಖಾಲಿ ಇರ್ಲಿ. ಕಾರ್ಪ್ ತರ್ತೀನಿ," ಎಂದ.

"ಎಲ್ಲಿಂದ?"

"ಸಿಗೋ ಕಡೆಯಿಂದ."

ಅವನು ಸ್ನಾನಕ್ಕೆ ಹೋದಾಗ, ಹೀಟರಿನ ಬಳಿ ಒಣಗಲು ಹಾಕಿದ್ದ ಅವನ ಕೋಟನ್ನು ಬೊಜೆನಾ ಮೂಸಿದಳು. ಹಸಿ ಮೀನಿನ ವಾಸನೆ. ತೋಳಿನ ತುದಿಯಲ್ಲಿ ಮಗುವಿನ ಉಗುರಿನಷ್ಟು ಮೀನಿನ ಪೊರೆಯೊಂದು ಅಂಟಿಕೊಂಡು ಮಿನುಗುತ್ತಿತ್ತು. ಅದನ್ನು ಕಿತ್ತು ಸಿಂಕಿಗೆ ಹಾಕಿ ನಲ್ಲಿ ತಿರುಗಿಸಿದಳು. ನೀರು ಹರಿದು ಹೋದ ಮೇಲೆ, ತಾನೂ ಕಳ್ಳತನದಲ್ಲಿ ಪಾಲು ತೆಗೆದುಕೊಂಡಂತೆ ಕೈ ಒರೆಸಿಕೊಳ್ಳುತ್ತ ನಿಂತಳು.

ಮಧ್ಯಾಹ್ನ ದಿನದಂತೆ ಝೆನೊನ್ ಮುಚ್ಚಳದ ಬಕೆಟ್ಟು ಹಿಡಿದು ಹಿಂಬಾಗಿಲಿನಿಂದ ಹೊರಟ. "ಸ್ವಲ್ಪ ಕಾಲಾಡಿಸ್ಕೊಂಡು ಬರ್ತೀನಿ." ಕಾಲಾಡಿಸಲು ಬಕೆಟ್ಟು ಯಾಕೆ? ಬೊಜೆನಾ ಬೂಟು ಹಾಕಿಕೊಂಡು ದೂರದಿಂದಲೇ ಹಿಂಬಾಲಿಸಿದಳು.

ಹಿತ್ತಲುಗಳ ಹಿಂದಿನ ಓಣಿಯಲ್ಲಿ ಇಬ್ಬನಿ ಗಟ್ಟಿಯಾಗಿ ಹೆಜ್ಜೆಗೆ ಕರುಕರು ಎನ್ನುತ್ತಿತ್ತು. ಅವನು ನಿಂತಾಗ ಇವಳೂ ನಿಲ್ಲುತ್ತಿದ್ದಳು. ಬೆರಿಲ್‌ಳ ಹಿಂದಿನ ಗೇಟಿಗೆ ಬೀಗವಿರಲಿಲ್ಲ, ತಂತಿಯ ಒಂದು ಸುತ್ತು ಅಷ್ಟೆ. ಝೆನೊನ್ ಅಲ್ಲೇ ನಿಂತ. ಗೇಟಿನ ಮೇಲಿಂದ ಕೊಳದತ್ತ ಕತ್ತು ಚಾಚಿದ. ಅವನು ಮೂಗು ಒರೆಸಿಕೊಂಡು ಮುಂದೆ ನಡೆದ.

ಕೋಸಿನ ಹೊಲಗಳ ಅಂಚಿನ ಕಾಲುವೆ ಸೀಸದ ತಗಡಿನಂತೆ ಹೆಪ್ಪುಗಟ್ಟಿತ್ತು. ಅದರ ಮೇಲೆ ಭುಜದೊಳಗೆ ಕತ್ತು ಹುದುಗಿಸಿಕೊಂಡು ಬೂದು ಕೊಕ್ಕರೆಯೊಂದು ನಿಂತಿತ್ತು. ಎದೆಯ ಮೂಳೆ ಗರಿಗಳ ನಡುವೆ ಕಾಣುವಷ್ಟು ಬಡಕಲು. ಝೆನೊನ್ ಮುಚ್ಚಳ ತೆಗೆದು ಬೆರಳುದ್ದದ ಮೀನನ್ನು ಎಸೆದ. ಅದು ಗಡ್ಡೆಯ ಮೇಲೆ ಜಾರುತ್ತ ಹೋಯಿತು. ಕೊಕ್ಕರೆಯ ಕತ್ತು ಬಿಲ್ಲಿನಂತೆ ಬಿಚ್ಚಿಕೊಂಡಿತು.

"ಕದ್ದು ನೋಡೋದ್ಯಾಕೆ, ಹತ್ರ ಬಂದೇ ನೋಡು," ಎಂದ ಝೆನೊನ್ ತಿರುಗದೆಯೇ. "ಸಂತೆ ಮೀನಿನವನು ಎಸೆಯೋ ಚಿಲ್ಲರೆ ಮೀನು. ಕದ್ದಿದ್ದಲ್ಲ."

ಬೊಜೆನಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಊರಿನ ಕಾರ್ಪ್ ಕೆರೆಗಳಲ್ಲಿ ಜೀವನವೆಲ್ಲ ದುಡಿದವನು ಇವನು. ತಗಡು ಬಡಿದು, ಕಲ್ಲು ಬೀಸಿ ಕೊಕ್ಕರೆಗಳನ್ನು ಓಡಿಸುವುದೇ ಅವನ ಕೆಲಸದಲ್ಲಿ ಅರ್ಧವಾಗಿತ್ತು ಎಂದು ಲೆಶೆಕ್ ಹೇಳುತ್ತಿದ್ದ.

"ನೀವಾ ಮಾವ ಇದು? ಕೊಕ್ಕರೆಗೆ ಊಟ ಹಾಕೋದು?"

"ಅಲ್ಲಿ ಅದು ಕಳ್ಳ. ಇಲ್ಲಿ ಹಸ್ಕೊಂಡಿದೆ. ಕಾಲುವೆ ಆ ತುದಿಯಿಂದ ಈ ತುದಿಗೆ ಕಲ್ಲಾಗಿದೆ, ಎಲ್ಲಿಗೆ ಹೋಗ್ಬೇಕು ಪಾಪ?"

ಬಕೆಟ್ಟು ಬರಿದಾಯಿತು. ಕೊಕ್ಕರೆ ಕೊಂಚ ಹೊತ್ತು ಬಕಧ್ಯಾನ ಮಾಡಿ, ಅಗಲ ರೆಕ್ಕೆ ಬಿಚ್ಚಿ ಎದ್ದಿತು. ಹೊಲದ ಕಡೆ ಹೋಗಲಿಲ್ಲ. ಬಂದ ಓಣಿಯ ಮೇಲೇ ನಿಧಾನ ಹಾರಿ, ಬೆರಿಲ್‌ಳ ಹಿತ್ತಲಿನ ಮರದ ಕೊಟ್ಟಿಗೆಯ ಸೂರಿನ ಮೇಲೆ ಕಾಲೂರಿತು. ಕೆಳಗೇ ಕೊಳ. ಸುತ್ತಮುತ್ತ ಎಲ್ಲೂ ಇಲ್ಲದ ಆ ಒಂದು ಗುಂಡು ತೂತು.

ಇಬ್ಬರೂ ನೋಡುತ್ತಲೇ ನಿಂತರು.

"ಎಷ್ಟು ದಿನದಿಂದ ಗೊತ್ತು ನಿಮ್ಗೆ?"

ಝೆನೊನ್ ಬಕೆಟ್ಟಿನ ಹಿಡಿಯನ್ನು ಆಚೀಚೆ ಮಾಡಿದ. "ನಾನು ಹಾಕೋದು ಅದಕ್ಕೆ ಅರ್ಧ ಹೊಟ್ಟೆಗೇ ಸಾಲ್ದು."

"ಮಾವ!"

"ಅವಳು ಗುಬ್ಬಿಗೆ ಉಂಡೆ ಕಟ್ಟಿದ್ರೆ ಪುಣ್ಯ. ನಾನು ಇದಕ್ಕೆ ಹಾಕಿದ್ರೆ ಪಾಪಾನಾ?"

"ಮಿಕ್ಕ ಅರ್ಧ ಹೊಟ್ಟೆಗೆ ಅವಳ ಮೀನು ಹೋಗ್ತಿದೆಯಲ್ಲ! ಇದನ್ನ ಇಲ್ಲಿ ರೂಢಿ ಮಾಡ್ಸಿದ್ದು ನೀವು. ಅವಳು ನನ್ನ ಕಳ್ಳಿ ಥರ ನೋಡ್ತಾಳೆ. ಈ ಬೀದೀಲಿ ನಂಗೆ ಅಂತ ಇರೋದು ಅದೊಂದು ಮನೆ ಮಾವ."

ಮನೆಯವರೆಗೂ ಇಬ್ಬರ ಬೂಟುಗಳ ಸದ್ದೇ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಬೆರಿಲ್‌ಳ ಕೂಗು ಕೇಳಿ ಬೊಜೆನಾ ಮನೆಚಪ್ಪಲಿಯಲ್ಲೇ ಓಡಿದಳು. ಕೊಳದ ಬದಿಯಲ್ಲಿ ಝೆನೊನ್ ಮಂಡಿಯೂರಿದ್ದ, ಕೈಯಲ್ಲಿ ಬ್ರೆಡ್ಡು ಕೊಯ್ಯುವ ಚಾಕು. ಎದುರಿಗೆ ರಾತ್ರಿಯುಡುಪಿನ ಮೇಲೆ ಕೋಟು ಎಳೆದುಕೊಂಡ ಬೆರಿಲ್, ಕೈಯಲ್ಲಿ ಫೋನು.

"ನೋಡು, ನೀನೇ ನೋಡು! ನನ್ನ ಕಣ್ಣಾರೆ, ಚಾಕು ಸಮೇತ! ಪೊಲೀಸ್‌ಗೆ ಹೇಳ್ತೀನಿ, ಈಗ್ಲೇ ಹೇಳ್ತೀನಿ!"

"ಗುಡ್ ಮಾರ್ನಿಂಗ್," ಎಂದ ಝೆನೊನ್. ಅವನಿಗೆ ಬರುತ್ತಿದ್ದ ಇಂಗ್ಲಿಷೇ ಅಷ್ಟು.

ಅವನ ಪಕ್ಕದಲ್ಲಿ ಕಾಲುವೆಯ ಬದಿಯಿಂದ ಕೊಯ್ದು ತಂದ ಒಣ ಜೊಂಡು ಬಿದ್ದಿತ್ತು. ಅದನ್ನು ಕಂತೆ ಕಟ್ಟಿ, ನಿನ್ನೆಯ ತೂತಿನ ತೆಳುಗಡ್ಡೆಯನ್ನು ಬಿಡಿಸಿ, ನೆಟ್ಟಗೆ ನಿಲ್ಲಿಸುತ್ತಿದ್ದ. ಊರಿನ ಕೆರೆಗಳಲ್ಲಿ ಚಳಿಗಾಲಕ್ಕೆ ಮಾಡುವ ಕೆಲಸ. ಜೊಂಡಿನ ಟೊಳ್ಳಿನಲ್ಲಿ ಗಾಳಿ ಆಡುತ್ತದೆ, ಕಂತೆಯ ನಡುವೆ ಕೊಕ್ಕು ಇಳಿಯುವುದಿಲ್ಲ.

"ಮೀನು ಉಳಿಸೋಕೆ ಬಂದಿದಾರೆ ಬೆರಿಲ್. ಕದಿಯೋಕಲ್ಲ. ತಿಂತಿರೋದು ಕೊಕ್ಕರೆ."

ಬೆರಿಲ್‌ಳ ಕಣ್ಣು ಜೊಂಡಿನಿಂದ ಝೆನೊನ್‌ನ ನೀಲಿಗಟ್ಟಿದ ಕೈಗಳಿಗೆ ಹೋಯಿತು. ಫೋನು ಹಿಡಿದ ಕೈ ಇಳಿಯಿತು. ಹಳೆಯ ಬೆರಿಲ್ ಮುಖದೊಳಗಿನಿಂದ ಇಣುಕಿದಂತಾಯಿತು. ಮಾತು ಅಷ್ಟಕ್ಕೇ ನಿಲ್ಲಿಸಿದ್ದರೆ ಎಲ್ಲ ಸರಿಹೋಗುತ್ತಿತ್ತು. ಬೊಜೆನಾಳಿಗೆ ಅದು ಗೊತ್ತಿತ್ತು. ಸಿಂಕಿನಲ್ಲಿ ಹರಿಯಬಿಟ್ಟ ಪೊರೆ ನೆನಪಾಯಿತು.

"ಆ ಕೊಕ್ಕರೆಗೆ ದಿನಾ ಮೀನು ಹಾಕಿದ್ದು ಇವರೇ. ಅದಕ್ಕೇ ಅದು ಇಲ್ಲಿ ಠಿಕಾಣಿ ಹೂಡಿದ್ದು. ನಂಗೆ ನಿನ್ನೆ ಗೊತ್ತಾಯ್ತು."

"ಅಂದ್ರೆ ನನ್ನ ಮೀನಿಗೆ ಯಮನ್ನ ಕರ್ಕೊಂಡು ಬಂದಿದ್ದು ಇವ್ರು."

"ಹೌದು."

"ನೀನು ನಿನ್ನೆಯಿಂದ ಬಾಯಿ ಮುಚ್ಕೊಂಡಿದ್ದೆ."

"ಹೌದು ಬೆರಿಲ್."

ಬೆರಿಲ್ ಫೋನನ್ನು ಕೋಟಿನ ಜೇಬಿಗೆ ಹಾಕಿದಳು. "ಜೊಂಡು ಇರ್ಲಿ," ಎಂದಳು. "ನೀವಿಬ್ರೂ ಹೋಗಿ." ಅವರು ಓಣಿಗೆ ಇಳಿದ ಮೇಲೆ ಗೇಟಿನ ತಂತಿಯನ್ನು ಒಂದರ ಮೇಲೊಂದು ಸುತ್ತು ಬಿಗಿಯುತ್ತಿದ್ದ ಸದ್ದು ಕೇಳಿಸಿತು.

ಆ ಮಧ್ಯಾಹ್ನ ಬಕೆಟ್ಟು ಬಾಗಿಲ ಹಿಂದೆಯೇ ಇತ್ತು. ಝೆನೊನ್ ಪೇಟೆಯ ಪೋಲಿಷ್ ಅಂಗಡಿಗೆ ಹೋಗಿ, ಕತ್ತರಿಸಿದ ಕಾರ್ಪಿನ ತುಂಡುಗಳನ್ನು ತಂದು ಸೊಸೆಯ ಮುಂದಿಟ್ಟ. ಲೆಶೆಕ್ ದಾರಿಯಲ್ಲಿದ್ದ. ಮೇಜು ಸಿದ್ಧವಾದ ಮೇಲೆ ಬೊಜೆನಾ ಮಹಡಿಯ ಕಿಟಕಿಗೆ ಹೋದಳು. ಮೊದಲ ನಕ್ಷತ್ರ ಕಾಣುವವರೆಗೂ ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟಕ್ಕೆ ಯಾರೂ ಕೂರುವಂತಿಲ್ಲ.

ಆಕಾಶ ಮುಚ್ಚಿಕೊಂಡಿತ್ತು. ಕೆಳಗೆ, ಉಳಿದಿದ್ದ ಬೂದು ಬೆಳಕಿನಲ್ಲಿ, ಕೊಕ್ಕರೆ ಕೊಳದ ಮೇಲಿತ್ತು. ಜೊಂಡಿನ ಕಂತೆಯನ್ನು ಒಂದು ಸುತ್ತು ಹಾಕಿ, ಕೊಕ್ಕಿನಿಂದ ಎರಡು ಸಲ ಕುಟ್ಟಿ ನೋಡಿ, ಸುಮ್ಮನೆ ನಿಂತಿತು.

ಬೆರಿಲ್‌ಳ ಹಿಂಬಾಗಿಲು ಅರ್ಧ ತೆರೆಯಿತು. ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಆಮೇಲೆ ಬೊಜೆನಾಳ ಮನೆಯ ಕಿಟಕಿಗಳನ್ನು ಒಂದೊಂದಾಗಿ ನೋಡಿದಳು. ಬೊಜೆನಾ ಪರದೆಯ ಹಿಂದಕ್ಕೆ ಸರಿದು ಸಂದಿಯಿಂದ ನೋಡಿದಳು. ಬೆರಿಲ್ ಕೋಟಿನೊಳಗಿನಿಂದ ಪೊಟ್ಟಣ ತೆಗೆದು, ಅದರಿಂದ ಮೀನಿನ ತುಂಡಿನಂಥದೇನನ್ನೋ ಕೊಳದತ್ತ ಎಸೆದಳು. ಎಸೆತ ಗುರಿ ತಪ್ಪಿತು. ಕೊಕ್ಕರೆ ಎರಡು ಹೆಜ್ಜೆ ಹಿಂದೆ ಸರಿಯಿತು. ಬೆರಿಲ್ ಗೋಡೆಗೆ ಬೆನ್ನೊತ್ತಿ ಅಲ್ಲಾಡದೆ ನಿಂತಳು.

"ನಕ್ಷತ್ರ ಕಾಣಿಸ್ತಾ?" ಮೆಟ್ಟಿಲ ಕೆಳಗಿನಿಂದ ಝೆನೊನ್ ಕೂಗಿದ.

"ಇನ್ನೂ ಇಲ್ಲ ಮಾವ," ಎಂದಳು ಬೊಜೆನಾ, ಪಿಸುಮಾತಿನಲ್ಲಿ, ಕೊಕ್ಕರೆಯ ಮೇಲಿಂದ ಕಣ್ಣು ತೆಗೆಯದೆ.