ಹದಿನೇಳಕ್ಕೇ ನಿಂತ ಮಕ್ಕಳು

ಆಸ್ಪತ್ರೆಯ ಮಕ್ಕಳ ಕ್ಯಾನ್ಸರ್ ವಿಭಾಗದಲ್ಲಿ ಹೆಸರು ಬರೆದುಕೊಳ್ಳುವವಳು ನಾನು. ಇಪ್ಪತ್ತಾರು ವರ್ಷದಿಂದ ಅದೇ ಕಿಟಕಿ, ಅದೇ ಕುಂಟು ಕುರ್ಚಿ. ನನ್ನ ಕಂಪ್ಯೂಟರಿಗೂ ಒಂದು ಕಾಯಿಲೆಯಿದೆ. ವಯಸ್ಸಿನ ಜಾಗದಲ್ಲಿ ಹದಿನೆಂಟು ಎಂದು ಒತ್ತಿದರೆ ಸಾಕು, ಕೆಂಪಗಾಗಿ ಮುಖ ತಿರುಗಿಸುತ್ತದೆ. ಹದಿನೆಂಟು ತುಂಬಿದವರು ದೊಡ್ಡವರ ವಿಭಾಗಕ್ಕೆ ಹೋಗಬೇಕು. ಅಲ್ಲಿ ಕೇಳಿದರೆ, "ಚಿಕ್ಕಂದಿನ ಕಾಯಿಲೆ ತಾನೆ? ಅಲ್ಲೇ ತೋರಿಸ್ಕೊಳ್ಳಿ" ಎನ್ನುತ್ತಾರೆ.

ಕ್ಯಾನ್ಸರ್ ವಾಸಿಯಾಗಿರುತ್ತದೆ, ನಿಜ. ಆದರೆ ವಾಸಿ ಮಾಡಿದ ಔಷಧ ಅಷ್ಟಕ್ಕೇ ಸುಮ್ಮನಾಗುವುದಿಲ್ಲ. ಕೆಲವರ ಹೃದಯವನ್ನು ಇಪ್ಪತ್ತು ವರ್ಷ ಬಿಟ್ಟು ಮಾತಾಡಿಸಲು ಬರುತ್ತದೆ. ಅಂಥವರ ಹೃದಯದ ಸ್ಕ್ಯಾನ್ ಮಾಡಿಸುತ್ತಲೇ ಇರಬೇಕು ಎಂದು ನಮ್ಮ ಹಳೇ ಡಾಕ್ಟರು ಹೇಳುತ್ತಿದ್ದರು. ಅವರೇ ಒಂದು ದಿನ ಕಿಟಕಿಗೆ ತಲೆ ತೂರಿಸಿ, "ನೋಡಮ್ಮ, ಇವರಿಗೆಲ್ಲ ಹದಿನೇಳೇ ಇರ್ಲಿ ಬಿಡು" ಎಂದರು. ಇರಲಿ ಎಂದರೆ ಇರಲಿ. ಅಂದಿನಿಂದ ನನ್ನ ಕಿಟಕಿಯಲ್ಲಿ ಯಾರಿಗೂ ವಯಸ್ಸಾಗಲಿಲ್ಲ. ಮೀಸೆ ಬಿಟ್ಟವರು, ತಲೆ ನೆರೆತವರು, ತಮ್ಮದೇ ಮಗುವನ್ನು ಸೊಂಟದ ಮೇಲೆ ಹೊತ್ತು ಬಂದವರು, ಎಲ್ಲರಿಗೂ ಹದಿನೇಳು. ನನಗೊಬ್ಬಳಿಗೆ ಮಾತ್ರ ಮಂಡಿನೋವು ಬಂತು.

ಇವರಲ್ಲಿ ನನಗೆ ತೀರಾ ಬೇಕಾದವನು ಬಸ್ಸು ಓಡಿಸುವವನು. ಡ್ರೈವರ್ ಮಗು ಎಂದೇ ಕರೆಯುತ್ತೇವೆ. ಏಳನೇ ವಯಸ್ಸಿನಲ್ಲಿ ಬಂದಾಗ ನರ್ಸನ್ನು ಕಂಡರೆ ನನ್ನ ಮೇಜಿನ ಕೆಳಗೆ ಸೇರಿಕೊಂಡು ನನ್ನ ಕಾಲು ಕಚ್ಚುತ್ತಿದ್ದ. ಈಗ ಮೂವತ್ತೊಂದು.

ಹಳೇ ಡಾಕ್ಟರು ನಿವೃತ್ತರಾದರು, ಹೊಸ ಆಡಳಿತಾಧಿಕಾರಿ ಬಂದರು. ಅಂಗಿಗಷ್ಟೇ ಅಲ್ಲ, ನಗುವಿಗೂ ಇಸ್ತ್ರಿ ಹಾಕಿಸಿಕೊಂಡು ಬರುವ ಮನುಷ್ಯ. ಬಂದ ವಾರವೇ ಪಟ್ಟಿ ಹಿಡಿದು ನನ್ನ ಕಿಟಕಿಗೆ ಬಂದರು.

"ನಲವತ್ತಾರು ಮಕ್ಕಳು ಹನ್ನೆರಡು ಹದಿಮೂರು ವರ್ಷದಿಂದ ಹದಿನೇಳರಲ್ಲೇ ಇದ್ದಾರಲ್ಲ, ಏನಿದು?"

"ಇಲ್ಲಿನ ಗಾಳಿ ಒಳ್ಳೇದು ಸಾರ್" ಎಂದೆ. ಅವರು ನಗಲಿಲ್ಲ.

ಎರಡೇ ವಾರದಲ್ಲಿ ಸಮಾರಂಭ ಏರ್ಪಾಡಾಯಿತು. ನಲವತ್ತಾರು ಜನಕ್ಕೂ 'ಸಂಪೂರ್ಣ ಗುಣಮುಖ' ಎಂಬ ಪ್ರಮಾಣಪತ್ರ, ಹೂಗುಚ್ಛ, ಫೋಟೋ. "ಇನ್ನು ನೀವು ಈ ಬಾಗಿಲಿಗೆ ಬರೋ ಪ್ರಮೇಯವೇ ಇಲ್ಲ" ಎಂದು ಅಧಿಕಾರಿ ಭಾಷಣ ಮಾಡಿದರು. ಚಪ್ಪಾಳೆಯೋ ಚಪ್ಪಾಳೆ. ಪಾಪ, ನಿಜವನ್ನೇ ಹೇಳಿದ್ದರು. ಮರುದಿನ ನಲವತ್ತಾರು ಕಡತಗಳೂ ಬೀರು ಸೇರಿ ಬೀಗ ಬಿತ್ತು.

ಎರಡು ತಿಂಗಳ ಮೇಲೆ ಡ್ರೈವರ್ ಮಗು ತಾಯಿಯ ಜೊತೆ ಬಂದ. ಕಾಲು ಊದಿತ್ತು. ಮೂರು ಮೆಟ್ಟಿಲಿಗೇ ಏದುಸಿರು.

"ದೊಡ್ಡವರ ಕಡೆ ಹೋಗಿದ್ದೆ ಅಕ್ಕ. ಹಿಂದೆ ಏನಾದ್ರೂ ಕಾಯಿಲೆ ಇತ್ತಾ ಅಂದ್ರು. ಪ್ರಮಾಣಪತ್ರ ತೋರಿಸ್ದೆ. ಗುಣ ಆಗಿದೆಯಲ್ಲ ಅಂತ 'ಹಿಂದಿನ ಕಾಯಿಲೆ ಇಲ್ಲ' ಅಂತ ಬರ್ಕೊಂಡ್ರು. ತೂಕ ಇಳಿಸು, ಬೆಳಿಗ್ಗೆ ಓಡು ಅಂದ್ರು."

"ಹೃದಯದ ಸ್ಕ್ಯಾನು?"

"ನಾಲ್ಕು ತಿಂಗಳು ಕಾಯ್ಬೇಕಂತೆ."

"ಓಡಿದ್ಯೇನೋ?"

"ಎರಡು ದಿನ ಓಡ್ದೆ."

ಮೈಯೆಲ್ಲ ಉರಿದುಹೋಯಿತು. ಹದಿನೇಳು ಒತ್ತಿದೆ, ಕೆಂಪಾಯಿತು. ಹುಟ್ಟಿದ ದಿನದ ದಾಖಲೆಯಿಲ್ಲದೆ ಇನ್ನು ಯಾವ ವಯಸ್ಸೂ ನಡೆಯದ ಹಾಗೆ ಅಧಿಕಾರಿ ಮಾಡಿಸಿಬಿಟ್ಟಿದ್ದರು. ಒಂದೇ ಒಂದು ವಿನಾಯಿತಿ, ಅಂದೇ ಹುಟ್ಟಿದ ಕೂಸಿಗೆ. ಅದಕ್ಕೆ ತಾಯಿಯ ಸಹಿ ಸಾಕು.

ತಾಯಿ ಎದುರಿಗೇ ನಿಂತಿದ್ದರು. ಅರವತ್ತನಾಲ್ಕು ವರ್ಷ, ಬಟ್ಟೆ ಹೊಲಿದೇ ಮಗನನ್ನು ಸಾಕಿದವರು.

"ಅಮ್ಮಾ, ಇವನು ನಿಮ್ಮ ಮಗ ತಾನೆ?"

"ಅದರಲ್ಲೇನಮ್ಮ ಅನುಮಾನ?"

"ಇವತ್ತು ಹುಟ್ಟಿದ್ದಾನೆ. ಸಹಿ ಹಾಕಿ."

ಅವರು ಮಗನ ಊದಿದ ಕಾಲು ನೋಡಿದರು. ಏನು, ಎತ್ತ ಎಂದು ಕೇಳದೆ ಸಹಿ ಹಾಕಿದರು. ಗಂಡು ಮಗು, ತೂಕ ಎಪ್ಪತ್ತನಾಲ್ಕು ಕಿಲೋ ಎಂದು ಒತ್ತಿದೆ. ಕಂಪ್ಯೂಟರ್ ತಕರಾರು ತೆಗೆಯಿತು: ದಯವಿಟ್ಟು ಗ್ರಾಮಿನಲ್ಲಿ ನಮೂದಿಸಿ. ಎಪ್ಪತ್ತನಾಲ್ಕು ಸಾವಿರ ಎಂದು ಒತ್ತಿದೆ. ಹಸಿರಾಯಿತು. ಹಸುಗೂಸಿನ ಹೃದಯದ ಸ್ಕ್ಯಾನ್ ಅದೇ ದಿನ ಆಗಬೇಕೆಂಬುದು ನಿಯಮ. ಇನ್ನು ಹಳೇ ಕಡತ. ಬೀರುವಿನ ಕೀಲಿ ನನ್ನ ಬಳಿಯೇ ಇರುವುದನ್ನು ಅಧಿಕಾರಿ ಮರೆತಿದ್ದರು.

ಸ್ಕ್ಯಾನ್ ಮಾಡುವ ಡಾಕ್ಟರು ಬಾಗಿಲಿಗೆ ಬಂದು, "ಕೂಸೆಲ್ಲಿ?" ಎಂದರು.

"ನಾನೇ ಸಾರ್" ಎಂದು ನಮ್ಮವನು ಎದ್ದು ನಿಂತ.

ಡಾಕ್ಟರು ಚೀಟಿ ನೋಡಿದರು, ಮೀಸೆ ನೋಡಿದರು, ಆಮೇಲೆ ನನ್ನನ್ನು ನುಂಗುವ ಹಾಗೆ ನೋಡಿದರು. ನಾನು ಕಡತ ಬಿಚ್ಚಿ, ಚಿಕ್ಕಂದಿನಲ್ಲಿ ಅವನಿಗೆ ಕೊಟ್ಟ ಔಷಧದ ಪುಟವನ್ನು ಮುಂದೆ ಹಿಡಿದೆ. ಓದುತ್ತ ಓದುತ್ತ ಅವರ ಮುಖ ಇಳಿಯಿತು.

"ಒಳಗೆ ಬಾಪ್ಪ" ಎಂದರು.

ಹೃದಯ ಅರ್ಧಕ್ಕರ್ಧ ಸೋತಿತ್ತು. "ಇವತ್ತೇ ದಾಖಲಾಗ್ಲಿ. ಔಷಧ ಶುರು ಮಾಡಿದ್ರೆ ಸುಧಾರಿಸ್ಬಹುದು. ನಾಲ್ಕು ತಿಂಗಳು ಕಾಯೋ ಹೃದಯ ಅಲ್ಲ ಇದು" ಎಂದರು ಡಾಕ್ಟರು. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ನನ್ನ ಕಾಲು ಕಚ್ಚಿದ್ದ ಹುಡುಗನನ್ನು ಹೂಗುಚ್ಛ ಕೊಟ್ಟು ಸಾಯಲು ಕಳಿಸಿದ್ದೆವು.

ಅವನನ್ನು ವಾರ್ಡಿಗೆ ಕರೆದೊಯ್ದ ಮೇಲೆ ತಾಯಿ ನನ್ನ ಕಿಟಕಿಗೆ ಬಂದರು.

"ಇನ್ನೆಷ್ಟು ದಿನ ಇಲ್ಲೇ ನೋಡ್ತಾರಮ್ಮ ಅವನ್ನ?"

"ಹದಿನೆಂಟು ವರ್ಷ ಯಾರೂ ಅಲ್ಲಾಡ್ಸೋ ಹಾಗಿಲ್ಲ ಅಮ್ಮಾ."

ಅವರು ಬೆರಳು ಮಡಚಿ ಎಣಿಸಿದರು. "ಆಗ ಅವನಿಗೆ ನಲವತ್ತೊಂಬತ್ತು. ನನಗೆ ಎಂಬತ್ತೆರಡು." ಆಮೇಲೆ ಕಿಟಕಿಗೆ ಬಾಗಿ ಕೇಳಿದರು: "ಆಗ ಇನ್ನೊಂದ್ಸಲ ಹುಟ್ಟಬೇಕು ಅಂದ್ರೆ ತಾಯಿ ಸಹಿ ಬೇಕಾಗುತ್ತಲ್ಲಮ್ಮ. ಈಗ್ಲೇ ಹಾಕಿಟ್ಟು ಹೋಗ್ಲಾ?"

ನಾನು ಒಂದು ಖಾಲಿ ಫಾರಂ ತೆಗೆದು ಕೊಟ್ಟೆ.